ಶೇಕಡಾ ಐವತ್ತು

ಹೊಸ ಸೀಸನ್ನಿನ ಪುಸ್ತಿಕೆ ಅಚ್ಚಾಗಿ ಬಂದಿದೆ.
ಸೆಪ್ಟೆಂಬರ್ ಕೊನೆಗೆ ಶುರು, ಮೇ ಮೊದಲ ವಾರಕ್ಕೆ ಮುಕ್ತಾಯ,
ಹನ್ನೆರಡು ಸಂಜೆ, ಮಿನುಗುವ ಕಾಗದ,
ಮುಖಪುಟದಲ್ಲಿ ಒಂದು ಪಿಟೀಲಿನ ಸೊಂಟ.
ಕೆಳಗೆ ನಮ್ಮ ಪ್ಲಾಂಟ್ ರೂಮಿಗೂ ಒಂದು ಪ್ರತಿ ಇಳಿದು ಬಂತು.
ಪೊಡಿಯಬ್ಬ ಅದರ ಮೇಲೆ ಸುಲೈಮಾನಿ ಲೋಟ ಇಟ್ಟು
ಮೊದಲ ಕಚೇರಿಗೇ ದುಂಡಗೆ ಕಲೆ ಮಾಡಿದ.

ನಾನು ಓದುವ ರೀತಿ ಬೇರೆ.
ಅಕ್ಟೋಬರ್ ಒಂಬತ್ತು: ತಂತಿಯವರು ಐವತ್ತೆರಡು, ಊದುವವರು ಇಪ್ಪತ್ತು,
ಕೇಳುವವರು ಸಾವಿರದ ನೂರು.
ಉಸಿರು ಬೆವರು ಸೇರಿ ತಲೆಗೆ
ಎರಡು ತಾಸಿನಲ್ಲಿ ಅರ್ಧ ಲೋಟ ನೀರು.
ನವೆಂಬರ್: ಶಾಲೆಮಕ್ಕಳ ಮಧ್ಯಾಹ್ನ, ಬಾಗಿಲು ಮುಚ್ಚಿ ನಿಲ್ಲುವುದಿಲ್ಲ.
ಡಿಸೆಂಬರ್: ಮೇಳಗಾಯನ;
ಎಂಬತ್ತು ಬಾಯಿ ಒಟ್ಟಿಗೆ ತೆರೆದರೆ
ನನ್ನ ಮೀಟರಿನ ಮುಳ್ಳು ಎದ್ದು ನಿಲ್ಲುತ್ತದೆ.
ಫೆಬ್ರವರಿ: ಶಮಾಲ್ ಬೀಸುವ ಕಾಲ, ಪಿಯಾನೊದ ಮುಂದೆ ಒಬ್ಬಳೇ.
ಫಿಲ್ಟರ್ ಎರಡು ಸೆಟ್ ಹೆಚ್ಚು ತರಿಸಬೇಕು.

ಹೊರಗೆ ಮಸ್ಕತ್ತಿನ ಆಗಸ್ಟ್.
ಮತ್ರಾದ ದಂಡೆಯಲ್ಲಿ ಕಾರಿನಿಂದ ಇಳಿದರೆ
ಕನ್ನಡಕದ ತುಂಬ ಬಿಳಿ, ಸಮುದ್ರವೂ ಇಲ್ಲ, ಗುಡ್ಡವೂ ಇಲ್ಲ.
ಗೋಡೆಯ ಈಚೆ ಐವತ್ತು.
ಹೆಚ್ಚಾದರೆ ಸೆಲ್ಲೋದ ಬೆನ್ನು ಉಬ್ಬುತ್ತದೆ,
ಕಡಿಮೆಯಾದರೆ ಓಬೋ ಬಿರಿಯುತ್ತದೆ.
ಹೋದ ವರ್ಷ ಬಿರಿಯಿತು, ನಾನು ಕೇಳಿದೆ,
ಕಡಲೆಕಾಯಿ ಒಡೆದಷ್ಟೇ ಸದ್ದು.
ಹಂಗೇರಿಯ ಆ ಹೆಂಗಸು ಅಳಲಿಲ್ಲ,
ಶಾಲಿನಲ್ಲಿ ಅದನ್ನು ಸುತ್ತಿ
ನನ್ನ ಕಡೆ ಒಮ್ಮೆ ನೋಡಿದಳು.

ರಬಕವಿಯಲ್ಲಿ ನಮ್ಮದು ಕುಣಿಮಗ್ಗ.
ಬ್ಯಾಸಿಗಿ ಬಂತೆಂದರೆ ಎಳೆ ಪಟಪಟ ಹರಿಯುತ್ತಿತ್ತು.
ಅಪ್ಪ ನೆಲಕ್ಕೆ ನೀರು ಹೊಡೆದು
ತೊಯ್ದ ಗೋಣಿತಾಟು ಕುಣಿಯ ಸುತ್ತ ಹಾಸಿ
ಕಿವಿಯಿಂದ ಹಸಿ ಅಳೆಯುತ್ತಿದ್ದ:
ಲಾಳಿ ಗರಗರ ಅಂದರೆ ಇನ್ನೊಂದು ಕೊಡ.
"ಎಳಿ ಅಳಾಕತ್ತೈತಿ, ಕೇಳ್."
ಅವನಿಗೆ ಮೀಟರ್ ಇರಲಿಲ್ಲ. ನನಗೆ ಹದಿನಾರು ಇವೆ,
ಮೊದಲು ನಂಬುವುದು ಮಾತ್ರ ಕಿವಿಯನ್ನೇ.

ಈ ಸಲ ಹೊಸ ನಿರ್ದೇಶಕ.
ಜೂನಿನಲ್ಲಿ ಬಂದವನು ಖಾಲಿ ಸಭಾಂಗಣದ ನಡುವೆ ಕೂತು
ಕಣ್ಣು ಮುಚ್ಚಿ ಹೇಳಿದ:
"ಇಲ್ಲಿ ಯಾರೋ ಒಂದು ಸ್ವರ ಹಿಡಿದಿದ್ದಾರೆ."
ಅದು ನನ್ನ ಬ್ಲೋವರ್.
ಹನ್ನೊಂದು ವರ್ಷದಿಂದ ಹಾಡುತ್ತಿತ್ತು, ನನಗೆ ಗೊತ್ತಿತ್ತು,
ಸಿಕ್ಕಿಬಿದ್ದ ನಾಚಿಕೆಯ ಜೊತೆಗೆ
ಯಾರೋ ಕೇಳಿದರಲ್ಲ ಎಂಬ ಸುಖವೂ ಆಯಿತು.

ಅದಕ್ಕೇ ಸ್ವರಲಿಪಿಯ ಕಪಾಟು ಕಾಯುವ ರಹ್ಮಾ
ನನಗೂ ಒಂದು ಹಾಳೆ ಬರೆದುಕೊಟ್ಟಿದ್ದಾಳೆ,
ಉಳಿದವರಿಗೆ ಕೊಡುವಂಥದೇ ಕೆನೆಬಣ್ಣದ ಫೋಲ್ಡರಿನಲ್ಲಿ.
ಮೇಲೆ ಅರಬಿಯಲ್ಲಿ ಬರೆದದ್ದು: ಹವಾ.
ನಮ್ಮಲ್ಲೂ ಅದಕ್ಕೆ ಅದೇ ಹೆಸರು ಎಂದೆ. ನಕ್ಕಳು.
ಒಳಗೆ ಸ್ವರಗಳಿಲ್ಲ, ಬರೀ ಎಣಿಕೆ.
ನಿಧಾನದ ಭಾಗ, ಎಂಟನೆಯ ಆವರ್ತಕ್ಕೆ ಕೆಂಪು ದೀಪ: ನಿಲ್ಲಿಸು.
ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.
ಕೊಂಬು ಊದುವವರು ಎತ್ತಿಕೊಂಡಾಗ ಹಸಿರು: ಶುರು.

ಅಷ್ಟರಲ್ಲಿ ಒಂದು ಡಿಗ್ರಿ ಏರುತ್ತದೆ,
ಹಸಿ ಐವತ್ತಮೂರು ಮುಟ್ಟುತ್ತದೆ.
ಅದಕ್ಕೆ ಮಧ್ಯಾಹ್ನ ಮೂರಕ್ಕೇ ನಲವತ್ತೇಳಕ್ಕೆ ಇಳಿಸಿಡಬೇಕು,
ಹಿಂದಿನ ರಾತ್ರಿಯೇ ನೂಲಿಗೆ ಗಂಜಿ ಕುಡಿಸಿಡುವ ಹಾಗೆ.

ಇವತ್ತು ನಮ್ಮ ತಾಲೀಮು.
ನಾನು, ಪೊಡಿಯಬ್ಬ, ಗಡಿಯಾರ, ಸಾವಿರದ ನೂರು ಖಾಲಿ ಕುರ್ಚಿ.
ನಿಲ್ಲಿಸಿದೆ.
ಡಕ್ಟಿನೊಳಗೆ ತಗಡು ಟಕ್ಕೆಂದಿತು.
ಆಮೇಲೆ ಹನ್ನೊಂದು ವರ್ಷ ಕೇಳಿರದ ಸದ್ದುಗಳು:
ಮೇಲೆಲ್ಲೋ ಬಲ್ಬೊಂದರ ಸಣ್ಣ ಗುಂಯ್,
ಯಾರೂ ಏಳದೆ ಸಡಿಲಾದ ಕುರ್ಚಿಯ ಸ್ಪ್ರಿಂಗು,
ಪೊಡಿಯಬ್ಬನ ಮೂಗಿನ ಶೀಟಿ,
ವೇದಿಕೆಯ ಹಲಗೆ, ಎಳೆ ಜಗ್ಗಿದಂತೆ, ಒಮ್ಮೆ.

ಮೂರನೆಯ ನಿಮಿಷಕ್ಕೆ ಅವನು ಪಿಸುಗುಟ್ಟಿದ:
"ಎಂಥದು ಮಾರಾಯ ಇದು, ಹೆದರಿಕೆ ಆಗ್ತದೆ."
"ಸುಮ್ಮನಿರು," ಅಂದೆ, "ನಾನು ಬಾರಿಸ್ತಾ ಇದೀನಿ."

ಮುಳ್ಳು ಐವತ್ತೆರಡೂವರೆ ದಾಟಿತು.
ಇನ್ನೂ ನಲವತ್ತು ಸೆಕೆಂಡು.