ಬೆಲೆ ಇನ್ನೂ ಹೇಳಿಲ್ಲ

ಏಳಕ್ಕೆ ಹೇಳುತ್ತಾರಂತೆ. ಈಗ ಐದೂ ಮುಕ್ಕಾಲು.
ಹೊರಗೆ ವೂಜ್ ನಗರದ ಮೇಲೆ ಒದ್ದೆ ಹಿಮ, ಬಿದ್ದಲ್ಲೇ ಕೆಸರು.
ಊರ ಹೆಸರಿಗೆ ದೋಣಿ ಎಂದರ್ಥ; ನದಿಯನ್ನು ಮಾತ್ರ
ಎಂದೋ ನೆಲದಡಿಯ ಕೊಳವೆಗೆ ತುರುಕಿ
ಮೇಲೆ ಟ್ರಾಮು ಓಡಿಸಿದ್ದಾರೆ.
ಹಳೆ ಹತ್ತಿಗಿರಣಿಯ ಮೂರನೇ ಮಹಡಿಯಲ್ಲಿ ನಾವು ನಾಲ್ವರು,
ಸಿನಿಮಾ ಕತ್ತರಿಸಿ ಹೊಲಿಯುವವರು,
ಕಣ್ಣಿಗೇ ಬೀಳದ ಕಂಪ್ಯೂಟರೊಂದಕ್ಕೆ ದರ ಕಟ್ಟುತ್ತಾ ಕೂತಿದ್ದೇವೆ.
ಕೂಸು ಹುಟ್ಟಿಲ್ಲ. ಕುಲಾವಿಗೆ ಅಳತೆ ನಡೆದಿದೆ.

ಲೆಶೆಕ್ ಅಂದ: ಇಪ್ಪತ್ತೆರಡು ಸಾವಿರ ಜ್ಲೋಟಿ, ಒಂದು ಬಿಡಿಗಾಸೂ ಹೆಚ್ಚಿಲ್ಲ.
ಠೀವಿ ನೋಡಿದರೆ ಕಾರ್ಖಾನೆಯವರು ಇವನನ್ನು ಕೇಳಿಯೇ
ಒಂದೊಂದು ತಿರುಪು ತಿರುಗಿಸಿದ ಹಾಗಿದೆ.
ಬೊಗುಮಿವಾ ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ.
"ನಲವತ್ತು. ಅದೂ ಬರೀ ಡಬ್ಬಕ್ಕೆ.
ಪರದೆಗೆ ಬೇರೆ, ಪರದೆ ನಿಲ್ಲುವ ಕಾಲಿಗೆ ಬೇರೆ.
ತೆರಿಗೆಯ ಬಗ್ಗೆ ನಾನಿನ್ನೂ ಬಾಯಿ ಬಿಟ್ಟಿಲ್ಲ."
"ಕಾಲಿಗೂ ದುಡ್ಡೇ?" ಎಂದ ಕಾಯೆತಾನ್, ಹತ್ತೊಂಬತ್ತರ ಹುಡುಗ,
ಸೇರಿ ಮೂರು ವಾರ, ಸಂಬಳ ಕೇಳಲು ಇನ್ನೂ ನಾಚಿಕೆ.
ಮೂಗಿಗಿಂತ ಮೂಗುತಿ ಭಾರ, ನಿಜ.
ಆದರೆ ಮೂಗು ಚಾಚಿ ಕೂತವರು ನಾವೇ.

ಸೋತವರು ಇವತ್ತಿನ ಪಿಯೆರೋಗಿಗೆ ಕೊಡಬೇಕು. ಪಂದ್ಯ ಅಷ್ಟೇ.

ಮೇಜಿನಡಿ ನಮ್ಮ ಅಜ್ಜಿ ಗುರುಗುಡುತ್ತಾಳೆ, ಒಂಬತ್ತು ವರ್ಷದ ಯಂತ್ರ.
ಒಂದು ದೃಶ್ಯಕ್ಕೆ ಬಣ್ಣ ಹಾಕೆಂದರೆ ಮೊದಲು ನಿಟ್ಟುಸಿರು,
ಆಮೇಲೆ ನಮಗೆ ಕಾಫಿಗೆ, ಸಿಗರೇಟಿಗೆ, ಜಗಳಕ್ಕೆ ಧಾರಾಳ ಬಿಡುವು.
ನನ್ನದು ಸದ್ದಿನ ಕೆಲಸ. ಅವಳ ಫ್ಯಾನಿನ ಏದುಸಿರು
ನನ್ನ ಎರಡು ಚಿತ್ರಗಳೊಳಗೆ ನುಸುಳಿ ಕೂತಿದೆ;
ಅದನ್ನು 'ದೂರದ ಕಡಲು' ಎಂದು ಒಬ್ಬ ವಿಮರ್ಶಕ ಮೆಚ್ಚಿ ಬರೆದ.
ನಾನು ತಿದ್ದಲು ಹೋಗಲಿಲ್ಲ.

"ನಲವತ್ತೆಂದರೆ ಏಳು ತಿಂಗಳ ಬಾಡಿಗೆ," ಬೊಗುಮಿವಾ ಅಂದಳು,
"ಇಲ್ಲವೇ ಹನ್ನೊಂದು ಮದುವೆ ವಿಡಿಯೋ."
ಮದುವೆ ಮುಟ್ಟುವುದಿಲ್ಲ ಎಂದು ಆಣೆ ಇಟ್ಟಿದ್ದ ಲೆಶೆಕ್
ಕಿಟಕಿಯತ್ತ ನೋಡಿದ. "ಆರು," ಅಂದ.
"ಹತ್ತು."
"ಎಂಟು. ಆದರೆ ವಧುವಿನ ಅಪ್ಪ ಕುಣಿಯುವುದನ್ನು ನಾನು ಕತ್ತರಿಸುವುದಿಲ್ಲ."
ಮಾರುವವನು ಎಲ್ಲಿದ್ದಾನೋ,
ಇಲ್ಲಿ ಚೌಕಾಸಿ ಮುಗಿದೇ ಹೋಯಿತು.

ಕಾಯೆತಾನ್ ನೆಲದ ತೂತಿನಲ್ಲಿ ಬೆರಳಿಟ್ಟು ಕೂತಿದ್ದ.
ಮಗ್ಗಗಳನ್ನು ಬಿಗಿದಿದ್ದ ತೂತು, ಮಾರಿಗೊಂದು,
ನಮ್ಮ ಕುರ್ಚಿಯ ಗಾಲಿಗಳು ದಿನಾ ಸಿಕ್ಕಿಕೊಳ್ಳುವುದು ಅಲ್ಲೇ.
ಅವನ ಮುತ್ತಜ್ಜಿ ಇದೇ ಮಹಡಿಯಲ್ಲಿ ನೇಯುತ್ತಿದ್ದಳಂತೆ.
"ಮಗ್ಗಕ್ಕೆ ಎಷ್ಟು ಕೊಟ್ಟಿದ್ದರಂತೆ?" ಲೆಶೆಕ್‌ನಿಗೆ ಎಲ್ಲದರ ದರ ಬೇಕು.
"ಅವಳಿಗೆ ಯಾರು ಹೇಳುತ್ತಿದ್ದರು?
ಮೂವತ್ತೈದಕ್ಕೆ ಕಿವಿ ಹೋಯಿತು ಅಂತ ಮಾತ್ರ ಗೊತ್ತು.
ಮನೆಯಲ್ಲಿ ಎಲ್ಲರೂ ತುಟಿ ಅಗಲಿಸಿ ಮಾತಾಡುತ್ತಿದ್ದರಂತೆ,
ಅಮ್ಮ ಈಗಲೂ ಹಾಗೇ."
ನಾನು ಹೆಡ್‌ಫೋನನ್ನು ಕತ್ತಿನಿಂದ ತೆಗೆದು
ಸುಮ್ಮನೆ ತೊಡೆಯ ಮೇಲಿಟ್ಟುಕೊಂಡೆ.

ಏಳು ಹೊಡೆಯಿತು.
ಕತ್ತಲ ವೇದಿಕೆಯಲ್ಲಿ ಅದು ನಿಧಾನ ತಿರುಗಿತು:
ಬೆಳ್ಳಿ ಮೈ, ಮುಖಕ್ಕೆ ತುರಿಮಣೆಯಂಥ ಜಾಲರಿ, ನಾಲ್ಕು ಗಾಲಿ.
(ಗಾಲಿಗೆ ಬೇರೆ, ಬೊಗುಮಿವಾ ಪಿಸುಗುಟ್ಟಿದಳು.)
ನೂರಾರು ಕೋಟಿ ಲೆಕ್ಕ ಕಣ್ರೆಪ್ಪೆ ಬಡಿಯುವುದರೊಳಗೆ,
ಸದ್ದು, ಅವರ ಮಾತಲ್ಲೇ ಹೇಳುವುದಾದರೆ, ಎಲೆ ಉದುರಿದಷ್ಟು.
ಲೆಶೆಕ್ ಉಸಿರು ಬಿಗಿಹಿಡಿದ. ನಾನೂ.
ಕೊನೆಗೆ ಬಿಳಿ ಪರದೆ, ಅದರ ಮೇಲೆ ಒಂದೇ ಸಾಲು:
ಬೆಲೆಯನ್ನು ವಸಂತದಲ್ಲಿ ತಿಳಿಸಲಾಗುವುದು.

ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ, ಹಸಿವು ಮಾತ್ರ ನಾಲ್ವರಿಗೂ.
ಪಿಯೆರೋಗಿಗೆ ಬೊಗುಮಿವಾ ಕೊಟ್ಟಳು, ಚೀಟಿ ಜೋಪಾನವಾಗಿ ಎತ್ತಿಟ್ಟಳು,
ಮತ್ತೆ ಪುಸ್ತಕ ತೆರೆದು, ಪೆನ್ಸಿಲ್ಲಿನಲ್ಲಿ, 'ಹೊಸ ಯಂತ್ರ' ಎಂದು ಬರೆದು
ಮುಂದಿನ ಮನೆಯನ್ನು ಖಾಲಿ ಬಿಟ್ಟಳು.
ಅಜ್ಜಿಯನ್ನು ಎಬ್ಬಿಸಿದೆವು. ಕಡಲು ಶುರುವಾಯಿತು.
ಓರೆಯಾಗಿದ್ದ ಪರದೆಯ ಕೆಳಗೆ
ಹಳೆ ಟೆಲಿಫೋನ್ ಡೈರೆಕ್ಟರಿಯ ಎರಡು ಸಂಪುಟ ತುರುಕಿ
ಕಾಯೆತಾನ್ ದೂರ ನಿಂತು ನೋಡಿದ:
"ಕಾಲು. ಪುಕ್ಕಟೆ."