ಇತರೆ

ಯರಗಟ್ಟಿ ದಾಟಿದ ಮೇಲೆ ಟೆಂಪೋದಲ್ಲಿ ಹಾಡು ನಿಂತಿತು.
ರಸ್ತೆಯ ಎರಡೂ ಬದಿಗೆ ಕಬ್ಬು
ಒಂದೇ ದಿಕ್ಕಿಗೆ ಮಲಗಿತ್ತು, ಯಾರೋ ಬಾಚಿದ ಹಾಗೆ.
ನಾವು ಹನ್ನೊಂದು ಮಂದಿ, ಬೆಳಗಾವಿ ಕ್ಯಾಂಪಿನ ಯುವಜನ ಕೂಟ.
ನಲವತ್ತು ಚಾದರ, ಆರು ಚೀಲ ಅಕ್ಕಿ,
ಮತ್ತು ನನ್ನ ಬ್ಯಾಗಿನಲ್ಲಿ
ಅಪ್ಪ ಖಡೇಬಜಾರಿನಲ್ಲಿ ಅಚ್ಚು ಹಾಕಿಸಿದ
ಇನ್ನೂರು ಚೀಟಿ. ಒಂದು ಮಗ್ಗುಲಿಗೆ ‘ಅಂಜಬೇಡಿರಿ’,
ಇನ್ನೊಂದು ಮಗ್ಗುಲು ಖಾಲಿ.

ರಾಮದುರ್ಗದ ಸಾಲಿ. ಏಳನೇ ಇಯತ್ತೆಯ ಕೋಣೆ.
ಕರಿಹಲಗೆಯ ಮೇಲೆ ಇನ್ನೂ ಅಳಿಸದ ಲಸಾಅ,
ಅದರ ಕೆಳಗೆ ಇಪ್ಪತ್ತಾರು ಸಂಸಾರ.
ಚಾದರ ಹಂಚುವುದು ಹುಡುಗರ ಪಾಲಿಗೆ ಹೋಯಿತು.
ನನ್ನ ಅಕ್ಷರ ದುಂಡಗಿವೆಯೆಂದು ತಲಾಟಿ ನನ್ನನ್ನು ಬೆಂಚಿಗೆ ಕೂರಿಸಿದರು:
“ಏನೇನು ಹೋತು, ಬರಕೋವಾ. ಹದಿನಾಲ್ಕು ಕಾಲಂ ಅದಾವು.”

ಮನೆ: ಪೂರ್ಣ, ಇಲ್ಲವೇ ಭಾಗಶಃ.
ಎಮ್ಮೆ. ಆಕಳು. ಆಡು.
ಜೋಳ, ಕ್ವಿಂಟಲ್ ಲೆಕ್ಕದಲ್ಲಿ.
ಹದಿನಾಲ್ಕನೆಯದು ಇತರೆ.
ಅರ್ಧ ಇಂಚು ಅಗಲ.

ಹಾಶಿಂಬಿಗೆ ಹೊಲಿಗೆ ಯಂತ್ರ, ಮಗಳ ಮಾರ್ಕ್ಸ್ ಕಾರ್ಡು.
ಒಬ್ಬ ಹುಡುಗ, ಎಂಟು ವರ್ಷವಿದ್ದಾನು:
“ಪಾರಿವಾಳಾ ಬರಕೋತೀರೇನ್ರಿ? ಒಂಬತ್ತು ಇದ್ದುವು.”
ಹಾರಿ ಹೋಗಿರಬೇಕಲ್ಲೋ, ಎಂದೆ.
“ಬೆಕ್ಕು ಬರ್ತೈತಂತ
ಗೂಡಿನ ಬಾಗಲಾ ಹಾಕಿದ್ನಿ.”

ಶಂಕ್ರವ್ವ ಮಾತ್ರ ಮೂರು ದಿನ ಬಾಯಿ ಬಿಡಲಿಲ್ಲ.
ನಾಲ್ಕನೆಯ ದಿನ ತಾನಾಗಿ ಬಂದು ಬೆಂಚಿನ ಕೊನೆಗೆ ಕುಳಿತಳು.
“ಹೊಳಿ ಮೊದಲ ಮಗ್ಗದ ಕುಣ್ಯಾಗ ಇಳೀತವಾ.
ನಾ ಕಾಲು ಇಳಿಬಿಡೂ ಜಾಗಾದಾಗ.
ಸೀರಿ ಇನ್ನ ಮೂರು ಮೊಳ ಉಳದಿತ್ತು.
ಅದನ್ನ ಪೂರ್ಣ ಅಂತ ಬರೀತೀಯೋ,
ಭಾಗಶಃ ಅಂತ ಬರೀತೀಯೋ?”

ಪೆನ್ನು ನಿಂತಿತು.
ಬ್ಯಾಗಿಗೆ ಕೈ ಹಾಕಿ ಒಂದು ಚೀಟಿ ತೆಗೆದು ಕೊಟ್ಟೆ.
“ಓದಾಕ ಬರಂಗಿಲ್ಲ. ಏನೈತಿ ಇದರಾಗ?”
ಹೇಳಲು ಬಾಯಿ ತೆರೆದೆ.
ಆ ಕೋಣೆಯಲ್ಲಿ, ಒದ್ದೆ ಕೌದಿಯ ನಾತದಲ್ಲಿ,
ಅಂಜಬೇಡಿರಿ ಎನ್ನಲು ನಾನು ಯಾರು?
ಚೀಟಿ ಹಿಂದಿಸಿಕೊಂಡು ಮಗುಚಿ
ಖಾಲಿ ಮಗ್ಗುಲಿಗೆ ಬರೆದೆ: ಸೀರೆ. ಉಳಿದದ್ದು ಮೂರು ಮೊಳ. ಬಣ್ಣ?
“ದಾಳಿಂಬರ,” ಎಂದಳು, ಮೊದಲ ಸಲ ನನ್ನ ಮುಖ ನೋಡಿ.
“ಅಂಚು ಅಲ್ಲ. ಒಡಲು.”

“ಹೆಸರೇನ ನಿಂದು?”
ಎಸ್ತೇರ್.
“ಅಸ್ತರ?”
ತಿದ್ದಲು ಹೋದೆ. ಅವಳು ಆಗಲೇ ತಲೆದೂಗುತ್ತಿದ್ದಳು.
“ಚಲೋ ಹೆಸರು. ಒಳಗ ಇರತೈತಿ, ಕಾಣಂಗಿಲ್ಲ,
ಅರಬಿ ಮಾತ್ರ ಬಾಳಿಕಿ ಬರ್ತೈತಿ.”

ಆಮೇಲೆ ಕಾಲಂ ಸಾಲದವರೆಲ್ಲ ಬಂದರು.
ಅತ್ತೆಯ ದನಿ ಇದ್ದ ಮೊಬೈಲು.
ಬೇವಿನ ಮರ. ತೊಟ್ಟಿಲ ಹಗ್ಗ.
ಊರಿಗೇ ಹಾಲು ಹಾಕುತ್ತಿದ್ದವನ ಸೈಕಲ್ ಗಂಟೆ, ಗಂಟೆ ಮಾತ್ರ.
ಚೀಟಿ ಮಗುಚಿ ಬರೆದೆ, ಅರ್ಜಿಗೆ ಪಿನ್ನು ಹೊಡೆದೆ.
ಕಚೇರಿಯಲ್ಲಿ ಅವನ್ನು ಇಟ್ಟುಕೊಂಡರೋ ಕಿತ್ತೆಸೆದರೋ
ಇವತ್ತಿಗೂ ಗೊತ್ತಿಲ್ಲ.

ಭಕ್ತಿ ನಮ್ಮ ಮನೆಯಲ್ಲಿ ಫ್ರಿಜ್ಜಿನಂತೆ ಇತ್ತು:
ಹುಟ್ಟುವ ಮೊದಲೇ ಬಂದದ್ದು, ಸದ್ದು ಕಿವಿಗೆ ಬೀಳದ್ದು.
ದಿನಾ ರಾತ್ರಿ ಕೇಳುತ್ತಿದ್ದೆ, ಪರೀಕ್ಷೆ, ಹಾಸ್ಟೆಲ್ಲು, ಅಮ್ಮನ ಸಕ್ಕರೆ.
ಆ ರಾತ್ರಿ ಸಾಲಿಯ ಜಗಲಿಯಲ್ಲಿ ಕಣ್ಣು ಮುಚ್ಚಿದರೆ
ಕೇಳಲು ಏನೂ ನೆನಪಾಗಲಿಲ್ಲ.
ಹೊಲಿಗೆ ಯಂತ್ರ, ಎಂದೆ. ಒಂಬತ್ತು ಪಾರಿವಾಳ.
ಗೇಟು ತೆರೆದ ರಾತ್ರಿ ನೀನು ಎಲ್ಲಿದ್ದೆ, ಎಂದೆ.
ಮೂರು ಮೊಳ, ದಾಳಿಂಬರ.
ಉತ್ತರ ಬರಲಿಲ್ಲ.
ಆದರೆ ಯಾರೋ ಬರೆದುಕೊಳ್ಳುತ್ತಿದ್ದ ಹಾಗೆ
ನಾನು ನಿಧಾನಕ್ಕೆ, ಒಂದೊಂದೇ ಹೇಳಿದೆ.
ಆಮೆನ್ ಅನ್ನುವ ಮೊದಲೇ ನಿದ್ದೆ ಹತ್ತಿತು.

ಭಾನುವಾರ ಚರ್ಚಿನಿಂದ ಬಂದು ಅಪ್ಪ ಕೇಳಿದರು,
“ಚೀಟಿ ಎಲ್ಲಾ ಮುಗದ್ವೇನು?”
ಬ್ಯಾಗಿನ ತಳದಲ್ಲಿ ಒಂದು ಉಳಿದಿತ್ತು, ಪಿನ್ನು ತಪ್ಪಿದ್ದು.
ಅಂಜಬೇಡಿರಿ ಎಂಬುದನ್ನು ನೋಡಿ ಮುಗುಳ್ನಕ್ಕರು, ಮಗುಚಿದರು.
ಒಂಬತ್ತು ಪಾರಿವಾಳ, ಬಾಗಿಲು ಹಾಕಿತ್ತು.
ಕನ್ನಡಕ ತೆಗೆದು ಒರೆಸಿ
ಮತ್ತೆ ಓದಿದರು.
ಈಚೆಗೊಮ್ಮೆ, ಆಚೆಗೊಮ್ಮೆ ತಿರುವುತ್ತ
ಊಟಕ್ಕೆ ಅಮ್ಮ ಕರೆಯುವ ತನಕ
ಅಲ್ಲೇ ನಿಂತಿದ್ದರು.