ಚಿಲ್ಲರೆ ಇಲ್ಲದ ಮಂಗಳವಾರ

ಮಂಗಳವಾರ ನನ್ನ ವಾರದ ರಜಾ.
ಖಾಕಿ ಅಂಗಿ ಬಕೆಟ್ಟಿನ್ಯಾಗ ಮುಳುಗೇತಿ,
ಒಂದು ತೋಳು ಮಾತ್ರ ನೊರಿ ಮ್ಯಾಲೆದ್ದು
ರೈಟ್ ಅಂತೈತಿ. ಅನ್ನಲಿ ಬಿಡು.

ಉದ್ದಕ ಮಲಗಬೇಕು ಅಂತ ಆರು ದಿನ ಅಂದುಕೊಂಡಿದ್ದೆ.
ಐದಕ್ಕಽ ಕಣ್ಣು ತೆರೆದವು, ಡಿಪೋದ ಹಾಳು ರೂಢಿ.
ಚಹಾ ಎರಡು ಸಲ ಆತು. ಬೆಕ್ಕಿಗೆ ಬೈದದ್ದಾತು.
ಮ್ಯಾಲಿನ ಮನಿ ಚಂಪಕ್ಕ ಮೆಟ್ಟಲದಾಗ ನಿಂತು
“ಇವತ್ತರೆ ಮನ್ಯಾಗ ಕುಂಡ್ರು ತಂಗಿ” ಅಂದ್ಲು.
ಹೂಂ ಅಂದೆ.
ಅಂದು, ಚಪ್ಪಲಿ ಹುಡುಕಿದೆ.

ಅನಗೋಳದಾಗ ಬಸ್ಸು ಹತ್ತಿ ಕುಂತೆ.
ನಗಬ್ಯಾಡ್ರಿ,
ಹನ್ನೊಂದು ವರ್ಷ ಆತು ಬಸ್ಸಿನ್ಯಾಗ ಕುಂತು ಹೊರಗ ನೋಡಿ.
ನಿಂತವರಿಗೆ ಬರೀ ತಲಿ ಕಾಣತಾವ:
ಟಿಕೀಟು ತಗೊಂಡ ತಲಿ, ತಗೊಳ್ಳದ ತಲಿ,
ನಿದ್ದಿ ಹತ್ತಿಧಂಗ ನಾಟಕ ಮಾಡೂ ತಲಿ.
ಊರು ಅಂದ್ರ ನನಗ ಸ್ಟೇಜಿನ ನಂಬರು.
ಇವತ್ತು ಕಿಟಕಿ ಸಿಕ್ಕಿತು.

ಕಂಡಕ್ಟರ್ ಹೊಸಾ ಹುಡುಗ, ಬೈಲಹೊಂಗಲ ಕಡೀ ಮಾತು.
“ಆಧಾರ್ ತಗೀರಿ ಅಕ್ಕಾರ” ಅಂದ.
ಸ್ಟಾಫ್ ಪಾಸು ಚೀಲದಾಗಽ ಇತ್ತು, ತೋರಿಸಲಿಲ್ಲ.
ಸೊನ್ನೆ ರೂಪಾಯಿದು ಒಂದು ಹರಿದು ಕೊಟ್ಟ.
ಇಂಥವು ಎಷ್ಟು ಸಾವಿರ ಕೊಟ್ಟೀನೋ,
ಇಸಕೊಂಡದ್ದು ಇದಽ ಮೊದಲು.
ಗಾಳಿಗೆ ಹಾರೂಹಂಗ ಇತ್ತು,
ಮುಷ್ಟಿ ಮಾಡಿ ಹಿಡಕೊಂಡೆ.

ಆರ್‌ಪಿಡಿ ಕ್ರಾಸಿನ್ಯಾಗ ಕಾಲೇಜು ಹುಡಿಗ್ಯಾರು ಏರಿದ್ರು.
ಮರಾಠಿಯೊಳಗ ಸುರು ಆದ ಜಗಳ
ಕನ್ನಡದಾಗ ಮುಗಿಸಿ, ಹಿಂದಿಯೊಳಗ ನಕ್ಕರು.
ಬಾಗಿಲದಾಗ ಗದ್ದಲ. ಹುಡುಗನ ದನಿ ಏಳವಲ್ಲದು.
“ಒಳಗ ಸರೀರಿ, ಒಳಗ ಜಾಗಾ ಐತಿ!”
ಅಂದವರು ಯಾರು?
ನಾನಽ.
ಬಸ್ಸೆಲ್ಲಾ ಒಂದು ಹೆಜ್ಜಿ ಸರೀತು.
ಹುಡುಗ ಹೊಳ್ಳಿ ನೋಡಿದ. ನಾ ಕಿಟಕಿ ಕಡೆ ಹೊಳ್ಳಿದೆ.

ಬೋಗಾರವೇಸಿನ ಮೂಲಿಗೆ ಒಂದು ಮಾಳಿಗಿ ಐತಿ.
ಕೆಳಗಿನ ಅಂಗಡಿ ಗೊತ್ತಿತ್ತು, ಮಾಳಿಗಿ ಗೊತ್ತಿರಲಿಲ್ಲ.
ಬಿಸಲಾಗ ಕುರ್ಚಿ ಹಾಕ್ಕೊಂಡು ಒಬ್ಬ ಮುದುಕಿ
ಹಾರ್ಮೋನಿಯಂ ಒರಸಾಕತ್ತಿದ್ಲು,
ಕೂಸಿನ ಬೆನ್ನು ಒರಸಿಧಂಗ.
ದಿನಕ್ಕ ಎಂಟು ಸಲ ಆಕಿ ಕೆಳಗ ಹಾದೀನಿ.
ಬಾರಸ್ತಾಳೋ, ಬರೇ ಒರಸ್ತಾಳೋ
ನೋಡೂದ್ರಾಗ ಸಿಗ್ನಲ್ ಬಿಡ್ತು.
ಸಿಗ್ನಲ್ ಬಿಟ್ಟದ್ದಕ್ಕ ಸಿಟ್ಟು ಬಂದದ್ದೂ
ಇದಽ ಮೊದಲು.

ಕೋಟಿ ಕೆರಿ ದಂಡಿಗೆ ಗಾಳಿ ಚುಚ್ಚತಿತ್ತು.
ಅಧಿವೇಶನ ಮುಗದೈತಿ. ಪೊಲೀಸರ ವ್ಯಾನು ಹ್ವಾದವು,
ದಂಡಿ ಮತ್ತ ನಮ್ಮಂಥವರ ಪಾಲಿಗೆ ಬಂದೈತಿ.
ಅಲೇಪಾಕ ಕೊಂಡೆ. ಐನೂರರ ನೋಟು ಚಾಚಿದೆ.
“ಚಿಲ್ಲರೆ ಕೊಡ್ರಿ ಬಾಯಾರ.”
“ಇಲ್ಲಪಾ.”
ಎಷ್ಟು ಸುಖ ಆ ಮಾತಿನ್ಯಾಗ!
ಮುಂಜಾನಿಂದ ಸಂಜಿತನಾ ಮಂದಿ ನನಗ ಅಂತಾರ,
ನಾ ಅವರ ಮ್ಯಾಲೆ ಹಾಯತೀನಿ.
ಮುದುಕ ಗೊಣಗಿ, ಬಾಜೂ ಗಾಡಿಗೆ ಹೋಗಿ
ನೋಟು ಮುರಿಸಿ ತಂದ.
ನನ್ನ ಪರಸಿನ್ಯಾಗ ಹತ್ತರ ನಾಣ್ಯ ನಾಕು ಇದ್ವು.
ದೇವರಾಣಿ, ಇದ್ವು.

ಶುಂಠಿ ನಾಲಿಗಿ ಸುಡತಿತ್ತು.
ಹಂಸದ ದೋಣಿ ತುಳಿಯೂ ಇಬ್ಬರು
ನೀರಿನ ನಡುವ ಹೋಗಿ ತುಳಿಯೂದು ಬಿಟ್ಟರು.
ದೋಣಿ ತನ್ನ ಪಾಡಿಗೆ ತಾ ತಿರುಗತಿತ್ತು.
ಯಾರೂ ಸೀಟಿ ಹೊಡೀಲಿಲ್ಲ. ನಾನೂ.

ಆವಾಗ ಬಂದ ಒಬ್ಬಾತ, ಹೆಗಲಿಗೆ ಸೀರಿ ಗಂಟು,
“ವಡಗಾಂವಿಗೆ ಯಾವ ಬಸ್ರಿ?”
ನಂಬರು, ಪ್ಲಾಟ್‌ಫಾರ್ಮು, ಹೊತ್ತು,
ಡ್ರೈವರ್ ಬಾಳೇಶನ ಮೀಸಿ ಸುದ್ದಾ ನನಗ ಗೊತ್ತು.
“ಗೊತ್ತಿಲ್ರಿ” ಅಂದೆ.
ಆತ ಹತ್ತು ಹೆಜ್ಜಿ ಹ್ವಾದ.
ಗಂಟು ಭಾರ ಇತ್ತು, ಎಡಕ್ಕ ವಾಲತಿದ್ದ.
ಥೂ ನನ್ನ ರಜಾಕ್ಕ ಬೆಂಕಿ ಹಾಕಲಿ!
ಎದ್ದೆ, ಕೂಗಿದೆ, ಕೆರಿ ಆಚಿ ದಂಡಿಗೆ ಕೇಳೂಹಂಗ.
ಆತ ಕೈ ಎತ್ತಿದ.

ಮನಿಗೆ ಬಂದ್ರ ಅಂಗಿ ಇನ್ನಾ ನೀರಾಗಽ.
ತೋಳು ಮುಳುಗೇತಿ ಈಗ.
ನಾಳೆ ಐದೂ ನಲವತ್ತಕ್ಕ ಮೊದಲನೇ ಟ್ರಿಪ್ಪು.
ಹಿಂಡಿ ಹಾಕೀನಿ ಫ್ಯಾನಿನ ಕೆಳಗ.
ಆರತೈತೋ ಇಲ್ಲೋ, ಈ ಬೆಳಗಾವಿ ಥಂಡ್ಯಾಗ.